ರಂಗದಿಂದ ರಾಗಕ್ಕೆ

ಪಾಶ್ಚಾತ್ಯ ದೇಶಗಳಲ್ಲಿ ಅಪೆರಾ ಎಂಬ ಗೀತನಾಟಕವುಂಟು. ಅದರ ಪಾತ್ರಧಾರಿಗಳು ಮಾತನ್ನು ಬಹುಮಟ್ಟಿಗೆ ಹಾಡಿಯೇ ಹೇಳುವರು. ದೊಡ್ಡ ವಾದ್ಯಮೇಳ ಮುಂದಿದ್ದರೂ ಧ್ವನಿವರ್ಧಕವಿಲ್ಲದೆ ಅವರ ದನಿ ಕಡೆಯ ಸಾಲಿಗೆ ಮುಟ್ಟಬೇಕು. ಇದಕ್ಕಾಗಿ ವರುಷಗಟ್ಟಲೆ ಉಸಿರಿನ ಸಾಧನೆ ನಡೆಯುವುದು. ನಮ್ಮಲ್ಲಿ ಇದಕ್ಕೆ ಸಮೀಪವಾದುದು ಕಂಪನಿ ನಾಟಕ. ಆದರೆ ನಾನು ಹುಟ್ಟಿದ ಕೊಡಂಬಲದಲ್ಲಿ ‘ನಾಟಕದವರ ಹಾಡು’ ಎಂದು ಹಗುರವಾಗಿ ಆಡುವ ಹಿರಿಯರು ಇದ್ದಾರೆ. ಕಂಠವುಳ್ಳ ಹುಡುಗನನ್ನು ಭಜನೆಗೆ ಕಳುಹಿಸುವರು. ರಂಗಕ್ಕೆ ಕಳುಹಿಸಲು ಹಿಂಜರಿಯುವರು. ಈ ಹಿಂಜರಿಕೆ ಸರಿಯೇ ಎಂಬುದನ್ನು ಮಲ್ಲಿಕಾರ್ಜುನ ಮನಸೂರರ ಮೊದಲ ದಿನಗಳಿಂದ ವಿಚಾರಿಸಬೇಕೆಂದು ನನ್ನ ಇಚ್ಛೆ.

ಧಾರವಾಡದ ಬಳಿಯ ಮನಸೂರೆಂಬ ಹಳ್ಳಿಯಲ್ಲಿ, ಒಕ್ಕಲುತನದ ಮನೆಯಲ್ಲಿ, ಅವರು 1910ರಲ್ಲಿ ಹುಟ್ಟಿದರು. ಅಣ್ಣ ಬಸವರಾಜರಿಗೆ ನಾಟಕದ ನಂಟು. ತಮ್ಮನೂ ಎಳವೆಯಲ್ಲಿಯೇ ವಾಮನರಾವ್ ಮಾಸ್ತರರ ಕಂಪನಿ ಸೇರಿದನು. ಪ್ರಹ್ಲಾದ, ಧ್ರುವ, ನಾರದ, ಎಲ್ಲವೂ ಹಾಡಿನ ಪಾತ್ರಗಳೇ. ಆ ಕಾಲದ ನಮ್ಮ ರಂಗದಲ್ಲಿಯೂ ಧ್ವನಿವರ್ಧಕವಿರಲಿಲ್ಲ. ಹಾಡು ಮೆಚ್ಚಿದರೆ ಜನ ‘ವನ್ಸ್ ಮೋರ್’ ಎಂದು ಕೂಗುವರು. ನಟನು ಅದನ್ನೇ ಮತ್ತೆ ಹಾಡಬೇಕು, ಕೇಳುವವರಿಗೆ ಬೇಸರ ಬಾರದಂತೆ ಹೊಸ ತಿರುವು ಕೊಟ್ಟು ಹಾಡಬೇಕು. ಇಂಥ ಅಭ್ಯಾಸ ಪಾಠಶಾಲೆಯಲ್ಲಿ ಸಿಕ್ಕುವುದು ಕಷ್ಟವೆಂದೇ ನಾನು ತಿಳಿದಿದ್ದೇನೆ.

ರಂಗವೊಂದೇ ಎಲ್ಲವನ್ನೂ ಕಲಿಸಲಿಲ್ಲ, ನಿಜ. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠವಾಯಿತು. ಆಮೇಲೆ ಮಿರಜದ ನೀಲಕಂಠಬುವಾ ಅವರು ಈ ಬಾಲಕನ ಹಾಡನ್ನು ನಾಟಕದಲ್ಲಿಯೇ ಕೇಳಿ, ಮೆಚ್ಚಿ, ಶಿಷ್ಯನನ್ನಾಗಿ ಸ್ವೀಕರಿಸಿ ಗ್ವಾಲಿಯರ ಘರಾನೆಯ ಖ್ಯಾಲ ಕಲಿಸಿದರು. ಹುಡುಗನು ರಂಗವೇರದೆ ಮನೆಯಲ್ಲಿಯೇ ಉಳಿದಿದ್ದರೆ ಬುವಾ ಅವರ ಕಿವಿಗೆ ಆ ದನಿ ಬೀಳುವ ಬಗೆ ಹೇಗೆ?

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಭಾಗ. ಗ್ವಾಲಿಯರ ಪದ್ಧತಿ ಕಂಠಗತವಾಗಿ, ಸ್ವತಂತ್ರ ಗಾಯಕರಾಗಿ ನಿಲ್ಲಬಲ್ಲವರಾದ ಮೇಲೆ ಮನಸೂರರು ಮತ್ತೊಮ್ಮೆ ಶಿಷ್ಯರಾದರು. ಗುರುಗಳು ಜಯಪುರ-ಅತ್ರೌಲಿ ಘರಾನೆಯ ಅಲ್ಲಾದಿಯಾ ಖಾನರ ಮಗ ಮಂಜಿಖಾನರು. ಈ ಘರಾನೆಯಲ್ಲಿ ತೆರೆದ ಕಂಠದ ಆಕಾರಕ್ಕೆ ಹೆಚ್ಚಿನ ಮಹತ್ವ. ಸ್ವರಗಳ ಹೆಣಿಗೆ ತಾಳದ ಮಾತ್ರೆಗಳೊಡನೆ ಬಿಡಿಸಲಾಗದಂತೆ ಸೇರಿಕೊಳ್ಳಬೇಕು. ಬಸಂತಿ ಕೇದಾರದಂಥ ಜೋಡುರಾಗದಲ್ಲಿ ಬಸಂತವೂ ಇರಬೇಕು, ಕೇದಾರವೂ ಇರಬೇಕು, ಹೊಲಿಗೆ ಮಾತ್ರ ಕಾಣಬಾರದು. ಒಂದು ಹದಕ್ಕೆ ಬಂದ ಕಂಠವನ್ನು ಇನ್ನೊಂದು ಹದಕ್ಕೆ ತರುವುದು ಹೊಸದಾಗಿ ಕಲಿಯುವುದಕ್ಕಿಂತ ಕಠಿಣ. ಜನರ ಚಪ್ಪಾಳೆ ಕೇಳಿದವನಿಗೆ ಅದು ಇನ್ನಷ್ಟು ಕಠಿಣ!

ಆ ಪಾಠ ಕೆಲವು ವರುಷಗಳಷ್ಟೇ ನಡೆಯಿತು. 1937ರಲ್ಲಿ ಮಂಜಿಖಾನರು ತೀರಿಕೊಂಡರು. ಶಿಷ್ಯರು ಅಲ್ಲಿಗೆ ಬಿಡಲಿಲ್ಲ. ಗುರುಗಳ ತಮ್ಮ ಭುರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ಮುಂದಿನ ಕೀರ್ತಿಯನ್ನು ಇಲ್ಲಿ ಬೆಳೆಸುವುದಿಲ್ಲ. 1992ರಲ್ಲಿ ಪದ್ಮವಿಭೂಷಣ ಬಂದಿತು, ಅದೇ ವರ್ಷ ಅವರು ತೀರಿಕೊಂಡರು.

ನಮ್ಮ ಕಡೆಯ ಹಿರಿಯರಿಗೆ ಒಂದು ಮಾತನ್ನು ಅರಿಕೆ ಮಾಡಿಕೊಳ್ಳುವೆನು. ಕಲ್ಯಾಣದ ಶರಣರ ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕೇಳಿಸಿದವರಲ್ಲಿ ಮನಸೂರರು ಅಗ್ರಗಣ್ಯರು. ನೀವು ಭಕ್ತಿಯಿಂದ ಆಲಿಸುವ ಆ ಕಂಠವು ಮೊದಲು ಪಳಗಿದ್ದು ನಾಟಕದ ಪರದೆಯ ಮುಂದೆಯೇ. ಆ ದಿನಗಳ ಸಂಗತಿಗಳನ್ನು ಅವರೇ ‘ನನ್ನ ರಸಯಾತ್ರೆ’ಯಲ್ಲಿ ಬರೆದಿದ್ದಾರೆ, ಹಾಡುವ ಮಿತ್ರರು ಅವಶ್ಯ ಓದಬೇಕು.