ಅಭಿವೃದ್ಧಿಯ ಬದಲಾದ ಅಳತೆಗೋಲು

ಒಂದು ಕಾಲದಲ್ಲಿ ಅಭಿವೃದ್ಧಿಯೆಂದರೆ ರಾಷ್ಟ್ರೀಯ ವರಮಾನದ ಏರಿಕೆಯೆಂದೇ ಭಾವಿಸಲಾಗುತ್ತಿತ್ತು. 1990ರ ಮಾನವ ಅಭಿವೃದ್ಧಿ ವರದಿಯು ಆಯುಷ್ಯ ಮತ್ತು ಶಿಕ್ಷಣಗಳನ್ನೂ ವರಮಾನದೊಡನೆ ಅಳೆಯಿತು. 2000ನೆಯ ಇಸವಿಯ ಸಹಸ್ರಮಾನ ಘೋಷಣೆಯಿಂದ ರೂಪುಗೊಂಡ 8 ಗುರಿಗಳು ಬಹುಮಟ್ಟಿಗೆ ಬಡರಾಷ್ಟ್ರಗಳನ್ನು ಉದ್ದೇಶಿಸಿದ್ದವು. ಅವುಗಳ ಸಾಧನೆಯನ್ನು ಹೆಚ್ಚಾಗಿ ದೇಶದ ಸರಾಸರಿಯಿಂದ ಅಳೆದುದರಿಂದ ಅಂಚಿನಲ್ಲಿದ್ದವರು ಮರೆಯಾದರು.

2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳು ಎಲ್ಲ ರಾಷ್ಟ್ರಗಳಿಗೂ ಅನ್ವಯಿಸುತ್ತವೆ. ಯಾರನ್ನೂ ಹಿಂದೆ ಉಳಿಯಗೊಡಬಾರದೆಂಬುದು ಅವುಗಳ ಸಂಕಲ್ಪ. ಅದಕ್ಕಾಗಿ ಅಂಕಿಅಂಶಗಳನ್ನು ವರಮಾನ, ಲಿಂಗ, ವಯಸ್ಸು, ಜನಾಂಗ, ವಲಸೆ, ಅಂಗವೈಕಲ್ಯ, ಪ್ರದೇಶ ಮುಂತಾಗಿ ವಿಂಗಡಿಸಬೇಕೆಂದು ಹದಿನೇಳನೆಯ ಗುರಿ ವಿಧಿಸುತ್ತದೆ. ಆ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. ಆದರೆ ಆಯಾ ದೇಶಕ್ಕೆ ಪ್ರಸ್ತುತವಾದ ಇತರ ಲಕ್ಷಣಗಳಿಗೆ ಅಲ್ಲಿ ಎಡೆಯಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿನ ಕಲಿಕೆಯು ರಾಜ್ಯದ ಸರಾಸರಿಯಲ್ಲಿ ಕರಗಿಹೋಗದಿರಬೇಕಾದರೆ ಆ ಎಡೆಯನ್ನು ಬಳಸಿಕೊಳ್ಳಬೇಕಾಗುತ್ತದೆ.