ಮೂರು ಊರು, ಒಂದು ಓದು: ವೈದ್ಯರಿಗೆ ವಾರದ ಮಾಹಿತಿ ಪತ್ರ ಮಾಡುವುದು ಹೀಗೆ

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಕೂತ ವೈದ್ಯರಿಗೆ ಮಧ್ಯಾಹ್ನದವರೆಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಅತ್ತ ವೈದ್ಯಕೀಯ ಲೇಖನಗಳ ಉಚಿತ ಸೂಚಿ ‘ಪಬ್‌ಮೆಡ್’ಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹೊಸ ನಮೂದುಗಳು ಸೇರುತ್ತವೆ. ಅದರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸೂಗೂರು, ಮಸ್ಕಿಯ ರೋಗಿಗಳಿಗೆ ಬೇಕಾದದ್ದು ವಾರಕ್ಕೆ ನಾಲ್ಕೈದು ಇರಬಹುದು. ಅದನ್ನು ಹೆಕ್ಕಿ ಕೊಡುವುದು ಗ್ರಂಥಪಾಲಕರ ಕೆಲಸ. ಗ್ರಂಥಾಲಯ ಶಾಸ್ತ್ರದಲ್ಲಿ ಇದನ್ನು ಪ್ರಚಲಿತ ಅರಿವು ಸೇವೆ ಎನ್ನುತ್ತಾರೆ. ಓದುಗರ ಸಮಯ ಉಳಿಸಬೇಕೆಂದು ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ನಾಲ್ಕನೆಯ ಸೂತ್ರದಲ್ಲಿ ಹೇಳಿದ್ದರು.

ಒಬ್ಬರೇ ಕೂತು ಇದನ್ನು ಮಾಡಲು ಹೋದರೆ ಎರಡು ತಿಂಗಳಲ್ಲಿ ದಣಿದುಬಿಡುತ್ತಾರೆ. ಹಂಚಿಕೊಂಡರೆ ನಡೆಯುತ್ತದೆ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ಗ್ರಂಥಪಾಲಕರು ‘ನಾಲೆಡ್ಜ್‌ಶೇರ್’ ಎಂಬ ವ್ಯವಸ್ಥೆಯಲ್ಲಿ ಹೀಗೇ ಮಾಡುತ್ತಾರೆ: ಒಬ್ಬರು ಒಮ್ಮೆ ಹುಡುಕಿ ಸೇರಿಸಿದ್ದು, ಆ ವಿಷಯ ಬೇಕೆಂದ ಎಲ್ಲ ಊರಿನ ಸಿಬ್ಬಂದಿಗೂ ತಲುಪುತ್ತದೆ. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ‘ಹೆಲಿನೆಟ್’ ಆರಂಭಿಸಿ, ಕಾಲೇಜುಗಳು ಒಟ್ಟಾಗಿ ನಿಯತಕಾಲಿಕೆಗಳನ್ನು ಪಡೆಯುವ ದಾರಿ ಮಾಡಿಕೊಟ್ಟಿತು. ಕೊಳ್ಳುವುದರಲ್ಲಿ ಬಂದ ಒಗ್ಗಟ್ಟು ಓದಿ ಹಂಚುವುದರಲ್ಲೂ ಬರಬೇಕು. ಅದಕ್ಕೆ ಈ ಮೂರು ಊರು ಹೇಳಿ ಮಾಡಿಸಿದಂತಿವೆ. ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ ಇದೆ. ಜಿಲ್ಲೆ ಒಂದೇ, ರೋಗಗಳೂ ಹೆಚ್ಚುಕಡಿಮೆ ಅವೇ.

ಮೊದಲು ಜನ ಕೂಡಲಿ

ಪ್ರತಿ ಊರಿಗೂ ವೈದ್ಯಕೀಯ ಗ್ರಂಥಪಾಲಕರು ಬೇಕಿಲ್ಲ. ನರ್ಸಿಂಗ್ ಅಥವಾ ಪದವಿ ಕಾಲೇಜಿನ ಒಬ್ಬ ಗ್ರಂಥಪಾಲಕರು, ಸರ್ಕಾರಿ ಆಸ್ಪತ್ರೆಯ ಒಬ್ಬ ವೈದ್ಯರು, ಒಬ್ಬ ಸ್ಟಾಫ್ ನರ್ಸ್, ಒಬ್ಬ ಫಾರ್ಮಸಿಸ್ಟ್ ಸಾಕು. ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜಿನ ಗ್ರಂಥಾಲಯವನ್ನು ಬೆನ್ನಿಗೆ ಇಟ್ಟುಕೊಳ್ಳಿ. ‘ಒಂದು ದೇಶ, ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಾವಿರಾರು ನಿಯತಕಾಲಿಕೆಗಳನ್ನು ತೆರೆದಿದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಆಮೇಲೆ ಬೇಡಿಕೆ ತಿಳಿಯಿರಿ. ‘ಯಾವ ವಿಷಯದಲ್ಲಿ ಆಸಕ್ತಿ’ ಎಂದು ಕೇಳಿದರೆ ‘ಎಲ್ಲವೂ’ ಎಂಬ ಉತ್ತರ ಬರುತ್ತದೆ. ‘ಕಳೆದ ತಿಂಗಳು ಯಾವ ಪ್ರಕರಣದಲ್ಲಿ ಮಾಹಿತಿ ಸಾಲದೆ ಪೇಚಾಡಿದಿರಿ’ ಎಂದು ಕೇಳಿ. ನರ್ಸ್‌ಗಳನ್ನೂ ಸಮುದಾಯ ಆರೋಗ್ಯ ಅಧಿಕಾರಿಗಳನ್ನೂ ಬಿಡದೆ ಕೇಳಬೇಕು. ರೋಗಿಯ ಪಕ್ಕ ಹೆಚ್ಚು ಹೊತ್ತು ಇರುವವರು ಅವರೇ.

ವಿಷಯ ಹಂಚಿಕೊಳ್ಳಿ

ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಸೀಮೆ ಸಿಂಧನೂರಿಗೆ ಹಾವು ಕಡಿತ ಮತ್ತು ಕೀಟನಾಶಕ, ಕಳೆನಾಶಕದ ವಿಷಬಾಧೆ ಇರಲಿ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಹಾಗಾಗಿ ಈ ವಿಷಯದ ಒಂದೊಂದು ಹೊಸ ಸಾಲಿಗೂ ಬೆಲೆಯಿದೆ. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸೂಗೂರು ತಾಲ್ಲೂಕಿಗೆ ಕಲ್ಲುದೂಳಿನ ಶ್ವಾಸಕೋಶ ರೋಗ, ಕ್ಷಯ ಮತ್ತು ಕುಡಿಯುವ ನೀರಿನ ಫ್ಲೋರೈಡ್. ಮಸ್ಕಿಗೆ ಗರ್ಭಿಣಿಯರ ರಕ್ತಹೀನತೆ, ಮಕ್ಕಳ ಆರೋಗ್ಯ ಮತ್ತು ಔಷಧ ಎಚ್ಚರಿಕೆಗಳು. ಒಂದು ಊರು ನೋಡಿದ್ದನ್ನು ಇನ್ನೊಂದು ಊರು ಮತ್ತೆ ಹುಡುಕಬಾರದು, ಇದೊಂದು ನಿಯಮ ಕಟ್ಟುನಿಟ್ಟಾಗಿರಲಿ.

ಹುಡುಕಾಟ ಕಟ್ಟುವ ಬಗೆ

ಪಬ್‌ಮೆಡ್‌ನಲ್ಲಿ ಉಚಿತ ಖಾತೆ ತೆರೆಯಿರಿ. ಹುಡುಕು ಪೆಟ್ಟಿಗೆಯಲ್ಲಿ ‘ಸ್ನೇಕ್ ಬೈಟ್ಸ್’ ಮತ್ತು ‘ಇಂಡಿಯಾ’ ಪದಗಳನ್ನು ಇಂಗ್ಲಿಷಿನಲ್ಲಿ ಬರೆದು, ನಡುವೆ ದೊಡ್ಡಕ್ಷರದಲ್ಲಿ ‘ಆ್ಯಂಡ್’ ಹಾಕಿ. ಎಡಬದಿಯ ಪಟ್ಟಿಯಲ್ಲಿ ‘ಫ್ರೀ ಫುಲ್ ಟೆಕ್ಸ್ಟ್’ ಗುರುತು ಮಾಡಿದರೆ ದುಡ್ಡು ಕೊಡದೆ ಪೂರ್ತಿ ಓದಬಹುದಾದವು ಉಳಿಯುತ್ತವೆ. ಪೆಟ್ಟಿಗೆಯ ಕೆಳಗಿನ ‘ಕ್ರಿಯೇಟ್ ಅಲರ್ಟ್’ ಒತ್ತಿ, ವಾರಕ್ಕೊಮ್ಮೆ ಎಂದು ಆರಿಸಿ, ದಿನ ಗೊತ್ತುಮಾಡಿ. ಅಲ್ಲಿಂದ ಮುಂದೆ ಹೊಸ ಲೇಖನಗಳ ಪಟ್ಟಿ ತಾನಾಗಿ ಇ-ಮೇಲ್‌ಗೆ ಬರುತ್ತದೆ. ಮೂರು ಊರಿನವರೂ ಒಂದೇ ದಿನ ಇಟ್ಟುಕೊಂಡರೆ ಪತ್ರ ಜೋಡಿಸುವುದು ಸಲೀಸು.

ಪಬ್‌ಮೆಡ್ ಒಂದನ್ನೇ ನೆಚ್ಚಬೇಡಿ. ಐಸಿಎಂಆರ್‌ನ ಪ್ರಮಾಣಿತ ಚಿಕಿತ್ಸಾ ಕ್ರಮಗಳು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುವ ಕಳಪೆ ಔಷಧಗಳ ಪಟ್ಟಿ, ರಾಜ್ಯ ಆರೋಗ್ಯ ಇಲಾಖೆಯ ಸುತ್ತೋಲೆಗಳು ನಮ್ಮ ತಾಲ್ಲೂಕಿನ ಮಟ್ಟಿಗೆ ಎಷ್ಟೋ ವಿದೇಶಿ ಸಂಶೋಧನೆಗಳಿಗಿಂತ ಹೆಚ್ಚು ಉಪಯುಕ್ತ.

ಬರೆಯುವಾಗ

ಒಂದು ಸುದ್ದಿಗೆ ನಾಲ್ಕು ಸಾಲು ಸಾಕು, ಕನ್ನಡದಲ್ಲಿ. ಮಾದರಿ ನೋಡಿ: “ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿದೆ. ಖಾಸಗಿ ಆಸ್ಪತ್ರೆಗಳಿಗೂ ಅನ್ವಯ. ನಾವು ಮಾಡಬೇಕಾದದ್ದು: ಪ್ರತಿ ಪ್ರಕರಣವನ್ನೂ ದಾಖಲಿಸಿ ವರದಿ ಕಳಿಸುವುದು. ಮೂಲ: ಆದೇಶದ ಕೊಂಡಿ.” ಏನು ಹೊಸತು, ಯಾರಿಗೆ, ನಾವೇನು ಮಾಡಬೇಕು, ಎಲ್ಲಿ ಓದಬೇಕು. ಈ ಮೂರನೆಯ ಸಾಲು ಬರೆಯಲು ಆಗದಿದ್ದರೆ ಆ ಸುದ್ದಿಯನ್ನು ಬಿಟ್ಟುಬಿಡಿ. ಚಿಕಿತ್ಸೆಗೆ ಸಂಬಂಧಿಸಿದ ಸಾಲನ್ನು ತಂಡದ ವೈದ್ಯರು ಓದಿ ಒಪ್ಪದೆ ಕಳಿಸಲೇಬಾರದು. ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದ ಸಂಶೋಧನೆಗಳನ್ನು ದೂರವಿಡಿ. ಕೋವಿಡ್ ಕಾಲದಲ್ಲಿ ಅಂಥವು ಎಷ್ಟು ಗೊಂದಲ ಎಬ್ಬಿಸಿದವು ಎಂಬುದನ್ನು ಎಲ್ಲರೂ ಕಂಡಿದ್ದೇವೆ.

ಪತ್ರ ಎ4 ಹಾಳೆಯ ಒಂದು ಬದಿ ಮೀರಬಾರದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ಜೊತೆಗೆ ಮುದ್ರಿಸಿ ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿ. ರಾತ್ರಿ ಪಾಳಿಯ ನರ್ಸ್ ಓದುವುದು ಅಲ್ಲಿ. ಚಂದಾ ನಿಯತಕಾಲಿಕೆಗಳ ಪಿಡಿಎಫ್ ಗುಂಪಿಗೆ ಹಾಕುವುದು ಹಕ್ಕುಸ್ವಾಮ್ಯಕ್ಕೆ ವಿರುದ್ಧ, ಕೊಂಡಿ ಮಾತ್ರ ಕೊಡಿ. ಪ್ರಶ್ನೆ ಕೇಳುವವರು ರೋಗಿಯ ಹೆಸರು, ಫೋಟೊ, ಚೀಟಿ ಹಾಕದಂತೆ ಮೊದಲ ದಿನವೇ ಹೇಳಿಬಿಡಿ.

ಮೂರು ತಿಂಗಳಿಗೊಮ್ಮೆ ಮಸ್ಕಿಯಲ್ಲಿ ಕೂಡಿ. ಎರಡೂ ಕಡೆಯವರಿಗೆ ಅದೇ ನಡುವೆ. ಯಾವ ಸುದ್ದಿ ಕೆಲಸಕ್ಕೆ ಬಂತು, ಯಾವುದನ್ನು ಯಾರೂ ಓದಲಿಲ್ಲ ಎಂದು ಕೇಳಿ ವಿಷಯಪಟ್ಟಿ ತಿದ್ದಿ. ತಪ್ಪು ಹೋಗಿದ್ದರೆ ಮುಂದಿನ ಪತ್ರದ ಮೊದಲ ಸಾಲಿನಲ್ಲೇ ತಿದ್ದುಪಡಿ ಬರಲಿ.

ಇದಕ್ಕೆ ಬೇಕಾದ ಇಂಟರ್‌ನೆಟ್ ಮತ್ತು ಕಂಪ್ಯೂಟರ್ ಕಾಲೇಜು ಗ್ರಂಥಾಲಯಗಳಲ್ಲಿ ಆಗಲೇ ಇವೆ. ಬೇಕಿರುವುದು ತಾಲ್ಲೂಕು ಆರೋಗ್ಯಾಧಿಕಾರಿಗಳ ಒಪ್ಪಿಗೆ ಮತ್ತು ಗ್ರಂಥಪಾಲಕರಿಗೆ ವಾರದಲ್ಲಿ ಅರ್ಧ ದಿನದ ಬಿಡುವು. ಪ್ರಾಚಾರ್ಯರು ಆ ಅರ್ಧ ದಿನವನ್ನು ದಯವಿಟ್ಟು ಬಿಟ್ಟುಕೊಡಲಿ.