ಮಿರಗ ಆಕಾಶದಾಗ ಎಲ್ಲಿ ಐತಿ?



ಕಳೆದ ಜೂನ್ ತಿಂಗಳಲ್ಲಿ ನಾನು ತರಗತಿಯಲ್ಲಿ ಎಲ್ಲರ ಮುಂದೆ ಒಂದು ಮಾತು ಆಡಿದ್ದೆ. "ನಮ್ಮ ಅಜ್ಜಗ ನಕ್ಷತ್ರ ಏನೂ ಗೊತ್ತಿಲ್ಲ, ಸುಮ್ಮನ ಮಿರಗ ಮಿರಗ ಅಂತಾನ" ಎಂದು. ನೀವೆಲ್ಲ ನಕ್ಕಿದ್ದಿರಿ. ಆ ಮಾತು ತಪ್ಪು. ಹೇಗೆ ತಪ್ಪು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಆಕಾಶದ ಚಿತ್ರಗಳ ಬಗ್ಗೆ ಗುರುಗಳಿಂದ ತಿಳಿದದ್ದನ್ನೂ ಸೇರಿಸಿದ್ದೇನೆ.

ಜೂನ್ 8ರ ಸುಮಾರಿಗೆ ಮಿರಗದ ಮಳೆ ಶುರುವಾಗುತ್ತದೆ ಎಂಬುದು ನಮ್ಮ ಶೇಡಬಾಳದಲ್ಲಿ ಎಲ್ಲ ರೈತರಿಗೂ ಗೊತ್ತು. ಅಜ್ಜ ಕೂರಿಗೆ ತೆಗೆದು ಇಟ್ಟಿದ್ದ. ಅವತ್ತು ರಾತ್ರಿ ಮೋಡ ಇರಲಿಲ್ಲ. ನಾನು ಕೇಳಿದೆ, "ಅಜ್ಜಾ, ಮಿರಗ ಅಂದರ ನಕ್ಷತ್ರ ಹೌದಲ್ಲ? ಎಲ್ಲಿ ಐತಿ, ತೋರಸು."

"ಈಗ ಕಾಣೂದಿಲ್ಲೋ ತಮ್ಮಾ. ಥಂಡಿ ದಿನದಾಗ ತೋರಸ್ತೀನಿ" ಎಂದ.

ಮಿರಗದ ಮಳೆ ಈಗ, ಮಿರಗದ ನಕ್ಷತ್ರ ಥಂಡಿಯಲ್ಲಿ! ಅಜ್ಜ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ತಿಳಿದೆ. ಮರುದಿನವೇ ಶಾಲೆಯಲ್ಲಿ ಹಾಗೆ ಅಂದುಬಿಟ್ಟೆ.

ವಿಜ್ಞಾನದ ಗುರುಗಳು ಮಾತ್ರ ನಗಲಿಲ್ಲ. ಮೇಜಿನ ಮೇಲೆ ಕಂದೀಲು ಇಟ್ಟು "ಇದು ಸೂರ್ಯ" ಎಂದರು. ಸುತ್ತಲೂ ಗೋಡೆಗೆ ನಕ್ಷತ್ರಗಳ ಹೆಸರಿನ ಚೀಟಿ ಅಂಟಿಸಿ, ನನ್ನನ್ನು ಭೂಮಿ ಮಾಡಿ ಕಂದೀಲಿನ ಸುತ್ತ ನಡೆಸಿದರು. ನಾನು ನಡೆದಂತೆ ಕಂದೀಲಿನ ಹಿಂದೆ ಬೇರೆ ಬೇರೆ ಚೀಟಿ ಬಂದವು. ಕಂದೀಲಿನ ಹಿಂದಿನ ಚೀಟಿ ಓದಲು ಹೋದರೆ ಕಣ್ಣು ಕುಕ್ಕುತ್ತಿತ್ತು. ಸೂರ್ಯನ ಬೆಳಕಿನಲ್ಲಿ ನಕ್ಷತ್ರವೂ ಹಾಗೆಯೇ. ಸೂರ್ಯನ ದಾರಿಯನ್ನು ನಮ್ಮ ಹಿರಿಯರು 27 ಪಾಲು ಮಾಡಿದ್ದಾರೆ. ಒಂದೊಂದು ನಕ್ಷತ್ರದಲ್ಲಿ ಸೂರ್ಯ 13 ಅಥವಾ 14 ದಿನ ಇರುತ್ತಾನೆ. ಜೂನ್ 8ರಿಂದ 21ರ ತನಕ ಅವನು ಮೃಗಶಿರದಲ್ಲಿ ಇರುವುದರಿಂದ ಆ ಮಳೆಗೆ ಮಿರಗದ ಮಳೆ ಎಂದು ಹೆಸರು. ಆಗ ಆ ನಕ್ಷತ್ರ ಸೂರ್ಯನ ಸಂಗಡವೇ ಹುಟ್ಟಿ, ಸಂಗಡವೇ ಮುಳುಗುತ್ತದೆ. ಕಾಣುವುದು ಹೇಗೆ? ಅಜ್ಜ ಹೇಳಿದ್ದೇ ಖರೆ.

(27 ಯಾಕೆಂದರೆ ಚಂದ್ರ ಸುಮಾರು 27 ದಿನಕ್ಕೆ ಒಮ್ಮೆ ಆಕಾಶ ಸುತ್ತಿ ಬರುತ್ತಾನೆ. ಜೈನ ಗ್ರಂಥಗಳಲ್ಲಿ ಅಭಿಜಿತ್ ಎಂಬುದನ್ನೂ ಸೇರಿಸಿ 28 ಎಣಿಸುತ್ತಾರೆ.)

ಜನವರಿಯಲ್ಲಿ ಜೋಳದ ಹೊಲ ಕಾಯಲು ಹೋದಾಗ ಅಜ್ಜ ಮಾತು ಉಳಿಸಿಕೊಂಡ. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅವನಿಗೆ ಈಗ ಚಿಕ್ಕಿ ಕಾಣುವುದಿಲ್ಲ. ಆದರೂ ಕಂಬಳಿ ಹೊದ್ದು ಕುಳಿತಲ್ಲಿಂದಲೇ ಕೈ ಎತ್ತಿ, "ಮೂಡಣಕ್ಕ ನೋಡು. ಮೂರು ಚಿಕ್ಕಿ ಒಂದ ಸಾಲಿನ್ಯಾಗ ಅದಾವೇನು?" ಎಂದ. ಅದಾವ ಅಂದೆ. "ಅದು ಬಾಣ. ಅದರ ಸುತ್ತ ನಾಕು ಚಿಕ್ಕಿ, ಅವು ಜಿಂಕಿ ಕಾಲು. ಹೊಟ್ಯಾಗ ಬಾಣ ನಟ್ಟೈತಿ. ಬಾಣದ ಸಾಲು ಹಿಡಕೊಂಡು ಕೆಳಗ ಬಾ. ಒಂದು ದೊಡ್ಡ ಚಿಕ್ಕಿ ಫಳಫಳ ಅನ್ನತೈತಲ್ಲ, ಅಂವ ಬ್ಯಾಡ, ಬಾಣ ಬಿಟ್ಟಂವ." ಅಜ್ಜ ಹೇಳಿದಲ್ಲೇ ಎಲ್ಲವೂ ಇದ್ದವು. ನಾನು ಕಣ್ಣಿದ್ದು ನೋಡಿದೆ, ಅಜ್ಜ ನೋಡದೇ ಹೇಳಿದ.

ಜಿಂಕೆಯ ರೂಪ ತಾಳಿದ ಪ್ರಜಾಪತಿಗೆ ಬಾಣ ಹೊಡೆದ ಈ ಕಥೆ ಐತರೇಯ ಬ್ರಾಹ್ಮಣ ಎಂಬ ಬಹಳ ಹಳೆಯ ಗ್ರಂಥದಲ್ಲಿ ಇದೆಯಂತೆ. ಅಜ್ಜ ಆ ಗ್ರಂಥದ ಹೆಸರೂ ಕೇಳಿಲ್ಲ.

ಈಗ ಪುಸ್ತಕದ ಮಾತಿಗೆ ಬರೋಣ. ಪುಸ್ತಕದಲ್ಲಿ ಅದೇ ಏಳು ನಕ್ಷತ್ರಕ್ಕೆ ಒರಾಯನ್ ಎಂಬ ಬೇಟೆಗಾರನ ಚಿತ್ರ ಇದೆ. ಇದು ಗ್ರೀಕರದು. ನಮ್ಮ ಜಿಂಕೆಯ ಕಾಲುಗಳು ಅವರಿಗೆ ಬೇಟೆಗಾರನ ಹೆಗಲು ಮತ್ತು ಕಾಲು. ನಮ್ಮ ಬಾಣ ಅವರಿಗೆ ನಡುಪಟ್ಟಿ. ನಮ್ಮ ಬೇಡ ಅವರಿಗೆ ಬೇಟೆಗಾರನ ನಾಯಿ! ಅಂದರೆ ನಮ್ಮ ಕಡೆ ಬೇಟೆಗೆ ಸಿಕ್ಕಿದ್ದು ಅವರ ಕಡೆ ಬೇಟೆ ಆಡುತ್ತದೆ. ಜಾವಾ ದ್ವೀಪದ ರೈತರಿಗೆ ಇದು ಜಿಂಕೆಯೂ ಅಲ್ಲ, ಮನುಷ್ಯನೂ ಅಲ್ಲ. ವಲುಕು ಎನ್ನುತ್ತಾರೆ, ಅಂದರೆ ನೇಗಿಲು. ಅದನ್ನು ನೋಡಿಯೇ ಅವರು ಉಳುವ ಕಾಲ ತಿಳಿಯುತ್ತಿದ್ದರು. ಇದನ್ನು ಹೇಳಿದಾಗ ಅಜ್ಜನಿಗೆ ಬಹಳ ಖುಷಿಯಾಯಿತು. "ಅವರೂ ನಮ್ಮಂಥವರ ಬಿಡು" ಎಂದ.

ಬಾಣದ ಸಾಲನ್ನು ಬೇಡನ ವಿರುದ್ಧ ದಿಕ್ಕಿಗೆ ಎಳೆದರೆ ಒಂದು ಕೆಂಪು ನಕ್ಷತ್ರದ ಹತ್ತಿರ ಹೋಗುತ್ತೇವೆ. ಅದು ರೋಹಿಣಿ. ಅಲ್ಲಿ ಐದು ನಕ್ಷತ್ರ ಸೇರಿ ಮೂಕಿ ಇಳಿಸಿದ ಚಕ್ಕಡಿಯಂತೆ ಕಾಣುತ್ತವೆ. ಹಳೆಯ ಗ್ರಂಥಗಳಲ್ಲಿಯೂ ರೋಹಿಣಿಗೆ ಗಾಡಿಯ ಆಕಾರವನ್ನೇ ಹೇಳಿದ್ದಾರೆ. ಗ್ರೀಕರಿಗೆ ಅದೇ ಹೋರಿಯ ಮುಖ. ಚಕ್ಕಡಿ ನಮ್ಮಲ್ಲಿ, ಹೋರಿ ಅವರಲ್ಲಿ. ಹೂಡುವುದು ಯಾವಾಗಲೋ!

ಸಪ್ತರ್ಷಿ ಮಂಡಲ ನಿಮಗೆಲ್ಲ ಗೊತ್ತು. ನಮಗೆ ಏಳು ಋಷಿಗಳು, ಗ್ರೀಕರಿಗೆ ಕರಡಿ, ಇಂಗ್ಲೆಂಡಿನ ಹಳ್ಳಿಯವರಿಗೆ ನೇಗಿಲು, ಅಮೆರಿಕದವರಿಗೆ ಸೌಟು. ಅರಬರು ನಾಲ್ಕು ನಕ್ಷತ್ರಗಳನ್ನು ಹೆಣದ ಚಟ್ಟ ಎನ್ನುತ್ತಾರೆ. ಹಿಂದಿನ ಮೂರು, ಅಳುತ್ತಾ ಬರುವ ಹೆಣ್ಣುಮಕ್ಕಳು. ಆ ಮೂರರಲ್ಲಿ ನಡುವಿನದು ನಮಗೆ ವಸಿಷ್ಠ, ಅದರ ಮಗ್ಗುಲಲ್ಲಿ ಸಣ್ಣದಾಗಿ ಅರುಂಧತಿ. ಮದುವೆಯಲ್ಲಿ ಮದುಮಕ್ಕಳಿಗೆ ತೋರಿಸುವುದು ಇದನ್ನೇ. ನಾನು ನೋಡಿದ ಮದುವೆಯಲ್ಲಿ ಹಗಲು ಹನ್ನೆರಡು ಗಂಟೆಗೆ ತೋರಿಸಿದರು, ಇಬ್ಬರೂ ಕಂಡಿತು ಎಂದು ತಲೆ ಆಡಿಸಿದರು.

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳದು. ಅವರು ನಕ್ಷತ್ರಗಳನ್ನು ಮಾತ್ರ ಜೋಡಿಸುವುದಿಲ್ಲ. ಆಕಾಶಗಂಗೆಯ ಬೆಳಕಿನ ನಡುವೆ ಕಪ್ಪು ಕಪ್ಪಾಗಿ ಇರುವ ಜಾಗ ನೋಡಿ, ಅದರಲ್ಲಿ ಎಮು ಎಂಬ ದೊಡ್ಡ ಹಕ್ಕಿಯನ್ನು ಕಾಣುತ್ತಾರೆ. ದಕ್ಷಿಣ ಅಮೆರಿಕದ ಇಂಕಾ ಜನರೂ ಇಂಥ ಕಪ್ಪಿನಲ್ಲಿಯೇ ತಾವು ಸಾಕುವ ಲಾಮಾ ಪ್ರಾಣಿಯನ್ನು ಕಂಡರು. ನಾನು ಇಷ್ಟು ದಿನ ಚಿಕ್ಕಿ ಮಾತ್ರ ನೋಡುತ್ತಿದ್ದೆ, ಕತ್ತಲೆ ನೋಡಿರಲಿಲ್ಲ.

ಹಾಗಾದರೆ ಪುಸ್ತಕದಲ್ಲಿ ಗ್ರೀಕರ ಚಿತ್ರವೇ ಯಾಕೆ? 1922ರಲ್ಲಿ ಖಗೋಳ ವಿಜ್ಞಾನಿಗಳು ರೋಮ್ ನಗರದಲ್ಲಿ ಸೇರಿ, ಎಲ್ಲ ದೇಶದವರೂ ಒಂದೇ ಹೆಸರು ಬಳಸಲಿ ಎಂದು ಆಕಾಶಕ್ಕೆ 88 ನಕ್ಷತ್ರಪುಂಜಗಳ ಪಟ್ಟಿ ಮಾಡಿದರು. ಅದರಲ್ಲಿ ಹಳೆಯ ಗ್ರೀಕ್ ಹೆಸರುಗಳು ಬಹಳ ಇವೆ. ಲೆಕ್ಕಕ್ಕೆ ಅದು ಬೇಕು. ಆದರೆ ಪಟ್ಟಿ ಮಾಡಿದ ಮಾತ್ರಕ್ಕೆ ನಮ್ಮ ಜಿಂಕೆ ಸುಳ್ಳಾಗುವುದಿಲ್ಲ, ಅವರ ಬೇಟೆಗಾರ ಖರೆಯೂ ಆಗುವುದಿಲ್ಲ. ಯಾಕೆಂದರೆ ಈ ನಕ್ಷತ್ರಗಳು ಒಂದರ ಪಕ್ಕ ಒಂದು ಇಲ್ಲವೇ ಇಲ್ಲ. ಬೇಡ, ಅಂದರೆ ಲುಬ್ಧಕ, 8.6 ಜ್ಯೋತಿರ್ವರ್ಷ ದೂರ. ಜಿಂಕೆಯ ಒಂದು ಕಾಲಾದ ರೈಜೆಲ್ ಸುಮಾರು 860 ಜ್ಯೋತಿರ್ವರ್ಷ ದೂರ. ಬೇಡ ನಮ್ಮ ಶಾಲೆಯಿಂದ ಒಂದು ಕಿಲೋಮೀಟರ್ ದೂರ ನಿಂತಿದ್ದಾನೆ ಎಂದು ಹಿಡಿದರೆ, ಜಿಂಕೆಯ ಕಾಲು ಹೆಚ್ಚುಕಡಿಮೆ ಬೆಳಗಾವಿಯಲ್ಲಿ. ಅಷ್ಟು ದೂರ ಬಾಣ ಹೊಡೆಯುವವರು ಯಾರು? ನಾವು ನಿಂತ ಜಾಗದಿಂದ ಹಾಗೆ ಕಾಣುತ್ತದೆ, ಅಷ್ಟೇ.

ಈ ಮಾತನ್ನು ಅಜ್ಜನಿಗೆ ಹೇಳಲು ಹೆದರಿಕೆ ಇತ್ತು. ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಮಳಿ ಬರತೈತಲ್ಲ" ಎಂದ.

ಆಮೇಲೆ ಒಂದು ಕೆಲಸ ಹೇಳಿದ. ರೋಹಿಣಿಯಿಂದ ಇನ್ನೂ ಮುಂದೆ ಹೋದರೆ ಕೃತ್ತಿಕೆ, ಸಣ್ಣ ಚಿಕ್ಕಿಗಳ ಗೊಂಚಲು. ನಮ್ಮಲ್ಲಿ ಆರು ಜನ ತಾಯಂದಿರು, ಕಾರ್ತಿಕೇಯನನ್ನು ಸಾಕಿದವರು. ಗ್ರೀಕರಿಗೂ, ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೂ ಏಳು ಅಕ್ಕತಂಗಿಯರು. ಜಪಾನಿನಲ್ಲಿ ಸುಬಾರು, ಯುರೋಪಿನ ಹಲವು ಹಳ್ಳಿಗಳಲ್ಲಿ ಕೋಳಿ ಮತ್ತು ಮರಿಗಳು. ದೂರದರ್ಶಕದಲ್ಲಿ ನೂರಾರು ಕಾಣುತ್ತವಂತೆ. "ನಾ ಹುಡುಗ ಇದ್ದಾಗ ಆರು ಎಣಿಸ್ತಿದ್ದೆ. ನೀ ಎಣಿಸಿ ಹೇಳು" ಎಂದ. ನಾನು ಮೂರು ಸಲ ಎಣಿಸಿದೆ. ಎರಡು ಸಲ ಆರು, ಒಂದು ಸಲ ಏಳು. ಅಜ್ಜ "ಆರ ಖರೆ" ಎಂದ. ನನಗೆ ಇನ್ನೂ ಸಂಶಯ ಇದೆ.

ನೀವೂ ಚಂದ್ರ ಇಲ್ಲದ ರಾತ್ರಿ ಎಣಿಸಿ, ಈ ಹಾಳೆಯ ಕೆಳಗೆ ಬಿಟ್ಟ ಜಾಗದಲ್ಲಿ ನಿಮ್ಮ ಹೆಸರು ಮತ್ತು ಸಂಖ್ಯೆ ಬರೆಯಿರಿ. ಪೆನ್ಸಿಲಿನಿಂದ ಬರೆಯಿರಿ. ಮನೆಯ ಹಿರಿಯರು ಬೇರೆ ಹೆಸರು ಹೇಳಿದರೆ ಅದನ್ನೂ ಬರೆಯಿರಿ, ನಾನು ಅಜ್ಜನಿಗೆ ಓದಿ ಹೇಳುತ್ತೇನೆ.